ಕ್ಯಾಂಪಸ್‌ನಲ್ಲಿ ತೊಂದರೆ ಆದಾಗ ಯಾವ ಬಾಗಿಲು ತಟ್ಟಬೇಕು?

ಅಡ್ಮಿಷನ್ ದಿನ ಕೈಗೊಂದು ದಪ್ಪ ಕೈಪಿಡಿ ಕೊಡುತ್ತಾರೆ. ಕೊನೆಯ ಪುಟದಲ್ಲಿ ಒಂದು ಸಾಲು: ‘ಮೇಲಿನ ನಿಯಮಗಳನ್ನೆಲ್ಲ ಓದಿ ಒಪ್ಪಿಕೊಂಡಿದ್ದೇನೆ.’ ಅದರ ಕೆಳಗೆ ಸಹಿ. ಯಾರು ಓದಿರ್ತಾರೆ ಹೇಳಿ? ಹಿಂದೆ ಕ್ಯೂ ಬೆಳೆದಿರುತ್ತದೆ. ಅಪ್ಪ ಚಲನ್ ಹಿಡಿದುಕೊಂಡು ಇನ್ನೊಂದು ಕೌಂಟರಿನಲ್ಲಿ ನಿಂತಿರುತ್ತಾರೆ. ಮಾರ್ಕ್ಸ್ ಕಾರ್ಡಿನ ಝೆರಾಕ್ಸ್ ಒಂದು ಕಮ್ಮಿ ಬಿದ್ದಿರುತ್ತದೆ. ಸಹಿ ಹಾಕಿ ಕೊಟ್ಟುಬಿಡುತ್ತೇವೆ.

ನಾನು ಕೆಲವು ವರ್ಷ ಒಂದು ವಿಶ್ವವಿದ್ಯಾಲಯದ ಶಿಸ್ತು ಸಮಿತಿಯಲ್ಲಿದ್ದೆ. ದೂರು ನಿಜವಾಗಿದ್ದೂ ಬರಿಗೈಲಿ ವಾಪಸ್ ಹೋದ ಮಕ್ಕಳನ್ನು ನೋಡಿದ್ದೇನೆ. ಏನೂ ಮಾಡದೆ ಶಿಕ್ಷೆ ಹೊತ್ತವರನ್ನೂ ನೋಡಿದ್ದೇನೆ. ಎರಡಕ್ಕೂ ಕಾರಣ ಹುಡುಕಿದರೆ ಹೆಚ್ಚಾಗಿ ಸಿಗುತ್ತಿದ್ದದ್ದು ಒಂದೇ: ಎಲ್ಲವೂ ಬಾಯಿಮಾತಿನಲ್ಲಿ ನಡೆದಿರುತ್ತಿತ್ತು. ಕಾಗದ ಇಲ್ಲ, ತಾರೀಖು ಇಲ್ಲ, ಸೀಲ್ ಇಲ್ಲ. ಹಾಗಾಗಿ ‘ಕತ್ತಲಾದ ಮೇಲೆ ಒಬ್ಬರೇ ಓಡಾಡಬೇಡಿ’ ಅನ್ನುವಂಥ ಬುದ್ಧಿಮಾತು ಇಲ್ಲಿ ಇರುವುದಿಲ್ಲ. ಅದನ್ನು ಮನೆಯವರು ಆಗಲೇ ನೂರು ಸಲ ಹೇಳಿರುತ್ತಾರೆ. ಯಾವ ಸಮಿತಿ, ಎಷ್ಟು ದಿನದ ಗಡುವು, ಏನು ಬರೆಯಬೇಕು, ಯಾರ ಕೈಗೆ ಕೊಡಬೇಕು, ಇಷ್ಟನ್ನು ಹೇಳುತ್ತೇನೆ. ನಿಯಮಗಳು ಭಾರತದ ವಿಶ್ವವಿದ್ಯಾಲಯಗಳಿಗೆ ಸಂಬಂಧಿಸಿದವು, ಹೆಚ್ಚಿನವು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ ಮಾಡಿದವು.

ಮೊದಲ ವಾರದ ಕೆಲಸ

ಏನೂ ತೊಂದರೆ ಇಲ್ಲದಿರುವಾಗಲೇ ಒಂದು ಮಧ್ಯಾಹ್ನ ಇದಕ್ಕೆ ಎತ್ತಿಡಿ. ಕೈಪಿಡಿಯನ್ನು ಪೂರ್ತಿ ಓದಬೇಕಿಲ್ಲ. ನಾಲ್ಕು ವಿಷಯ ಹುಡುಕಿದರೆ ಸಾಕು: ರ್ಯಾಗಿಂಗ್ ತಡೆ ಸಮಿತಿ, ಆಂತರಿಕ ದೂರು ಸಮಿತಿ (ಎಲ್ಲರ ಬಾಯಲ್ಲಿ ಇದು ಐಸಿಸಿ), ವಿದ್ಯಾರ್ಥಿ ಕುಂದುಕೊರತೆ ಸಮಿತಿ, ಮತ್ತೆ ಶಿಸ್ತಿನ ನಿಯಮಗಳು. ಹೆಸರು, ಕೋಣೆ, ಫೋನ್ ನಂಬರ್ ಇರುವ ಪುಟದ ಫೋಟೊ ಹೊಡೆದಿಟ್ಟುಕೊಳ್ಳಿ. ಕೈಪಿಡಿಯಲ್ಲಿ ಇಲ್ಲದಿದ್ದರೆ ವೆಬ್‌ಸೈಟ್ ನೋಡಿ, ನೋಟಿಸ್ ಬೋರ್ಡ್ ನೋಡಿ. ಬೋರ್ಡಿನಲ್ಲಿ ಹೆಸರಿರುವ ಅಧ್ಯಕ್ಷರು ರಿಟೈರ್ ಆಗಿ ವರ್ಷ ಕಳೆದಿರುವುದೂ ಉಂಟು. ಒಂದು ಸಲ ಆ ನಂಬರಿಗೆ ಕರೆ ಮಾಡಿ, ಯಾರು ಎತ್ತುತ್ತಾರೆ ನೋಡಿ.

ಫೋನಿನಲ್ಲಿ ಈ ನಂಬರ್‌ಗಳು ಇರಲಿ. ಪೊಲೀಸ್, ಬೆಂಕಿ, ಆಂಬುಲೆನ್ಸ್ ಮೂರಕ್ಕೂ 112. ರ್ಯಾಗಿಂಗ್ ಆದರೆ 1800-180-5522, ದಿನದ 24 ಗಂಟೆಯೂ ಇರುತ್ತದೆ. ಮಹಿಳಾ ಸಹಾಯವಾಣಿ 181. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ 1930. ಮನಸ್ಸು ತೀರಾ ಕುಸಿದಾಗ ಟೆಲಿ ಮಾನಸ್ 14416. ಉಚಿತ ಕಾನೂನು ನೆರವಿಗೆ 15100.

ಇವುಗಳ ಜೊತೆಗೆ ಮೇನ್ ಗೇಟಿನ ಸೆಕ್ಯುರಿಟಿ ನಂಬರ್. ಇದನ್ನು ಮಾತ್ರ ಯಾರೂ ಸೇವ್ ಮಾಡಿಕೊಳ್ಳುವುದಿಲ್ಲ. 112ಕ್ಕೆ ಕರೆ ಮಾಡಿ ಬರೀ ವಿಶ್ವವಿದ್ಯಾಲಯದ ಹೆಸರು ಹೇಳಿದರೆ ಅಷ್ಟು ದೊಡ್ಡ ಜಾಗದಲ್ಲಿ ಅವರು ಎಲ್ಲಿ ಅಂತ ಹುಡುಕಬೇಕು? ಯಾವ ಗೇಟು, ಯಾವ ಬ್ಲಾಕು, ಎಷ್ಟನೇ ಮಹಡಿ ಅಂತ ಹೇಳಿ. ಆಮೇಲೆ ಗೇಟಿಗೂ ಫೋನ್ ಮಾಡಿ, ಗಾಡಿ ಬರುತ್ತಿದೆ, ತಡೆಯಬೇಡಿ, ದಾರಿ ತೋರಿಸಿ ಎನ್ನಿ. ರಾತ್ರಿ ಹೊತ್ತು ಗೇಟಿನ ರಿಜಿಸ್ಟರಿನಲ್ಲಿ ಎಂಟ್ರಿ ಮಾಡಿಸುವುದರಲ್ಲೇ ಐದು ನಿಮಿಷ ಹೋಗಿಬಿಡುತ್ತದೆ.

ಇನ್ನೊಂದು ಕೆಲಸ, ರ್ಯಾಗಿಂಗ್ ಮುಚ್ಚಳಿಕೆ. ವಿದ್ಯಾರ್ಥಿ ಮತ್ತು ಪೋಷಕರು ಇಬ್ಬರೂ ಇದನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು, ಅದೂ ಪ್ರತಿ ವರ್ಷ. ಸುಮ್ನೆ ಒಂದು ಫಾರ್ಮು ಅಂದುಕೊಂಡು ಸೈಬರ್ ಸೆಂಟರಿನವರ ಕೈಯಲ್ಲಿ ತುಂಬಿಸುವವರೇ ಜಾಸ್ತಿ. ಹಾಗೆ ಮಾಡಿದಾಗ ಇಮೇಲ್ ವಿಳಾಸ ಅವರದ್ದೇ ಬಿದ್ದಿರುತ್ತದೆ, ಬರುವ ನೋಂದಣಿ ಸಂಖ್ಯೆ ನಿಮ್ಮ ಕೈ ಸೇರುವುದಿಲ್ಲ. ನಿಮ್ಮದೇ ಇಮೇಲ್ ಕೊಡಿ. ಫಾರ್ಮನ್ನು ಒಮ್ಮೆ ಓದಿಯೂ ನೋಡಿ. ನಾನು ಮಾಡುವುದಿಲ್ಲ ಅನ್ನುವುದರ ಜೊತೆಗೆ, ಮಾಡುವವರಿಗೆ ಕುಮ್ಮಕ್ಕು ಕೊಡುವುದಿಲ್ಲ, ಸಂಚಿನಲ್ಲಿ ಸೇರುವುದಿಲ್ಲ ಅಂತಲೂ ನೀವು ಬರೆದುಕೊಡುತ್ತಿದ್ದೀರಿ.

‘ಇಂಟ್ರೋ ಕೊಡು’ ಎಂದರೆ

ಪರಿಚಯ ಕೇಳುವುದು ತಪ್ಪಲ್ಲ. ರಾತ್ರಿ ಹನ್ನೊಂದಕ್ಕೆ ಕೋಣೆಗೆ ಕರೆಸಿ, ನಿಲ್ಲಿಸಿ, ತಲೆ ತಗ್ಗಿಸಿ ಇಂಟ್ರೋ ಕೊಡು ಎನ್ನುವುದು ತಪ್ಪು. ಯುಜಿಸಿಯ 2009ರ ರ್ಯಾಗಿಂಗ್ ತಡೆ ನಿಯಮಗಳಲ್ಲಿ ಇದರ ವ್ಯಾಪ್ತಿ ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಹೊಡೆತ, ಬೈಗುಳ ಮಾತ್ರ ಅಲ್ಲ. ಸೀನಿಯರ್‌ಗಳ ಅಸೈನ್‌ಮೆಂಟ್, ರೆಕಾರ್ಡ್ ಬರೆಸುವುದು ರ್ಯಾಗಿಂಗ್. ಬಲವಂತವಾಗಿ ಖರ್ಚು ಮಾಡಿಸುವುದು ರ್ಯಾಗಿಂಗ್. ಮೆಸೇಜು, ಪೋಸ್ಟುಗಳ ಮೂಲಕ ಕಾಡುವುದೂ ಅದೇ. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿಕೊಂಡು ರಾತ್ರಿಯೆಲ್ಲ ಹೆದರಿಸಿದರೆ ‘ನಾವು ಮುಟ್ಟೇ ಇಲ್ಲವಲ್ಲ’ ಎಂಬ ವಾದ ನಡೆಯುವುದಿಲ್ಲ. 2016ರ ತಿದ್ದುಪಡಿ ಇನ್ನೂ ಕೆಲವನ್ನು ಸೇರಿಸಿತು: ಬಣ್ಣ, ಜಾತಿ, ಧರ್ಮ, ಭಾಷೆ, ಊರು, ಲಿಂಗ, ಲೈಂಗಿಕ ಒಲವು, ಮನೆಯ ಆರ್ಥಿಕ ಸ್ಥಿತಿ, ಇವುಗಳನ್ನು ಹಿಡಿದು ಹಂಗಿಸುವುದು ಕೂಡ ರ್ಯಾಗಿಂಗ್.

ಈ ನಿಯಮಗಳ ಹಿಂದೆ ಒಂದು ಸಾವಿದೆ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದಲ್ಲಿ ಅಮನ್ ಕಚ್ರೂ ಎಂಬ ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿ ಸೀನಿಯರ್‌ಗಳ ಹೊಡೆತಕ್ಕೆ ಜೀವ ಕಳೆದುಕೊಂಡ. ಮೇಲೆ ಹೇಳಿದ ಸಹಾಯವಾಣಿ ಶುರುವಾದದ್ದು ಅದೇ ವರ್ಷ.

ಈಗ ಏನು ಮಾಡಬೇಕು ಅಂದರೆ: ಜೀವಕ್ಕೆ ಅಪಾಯ ಅನ್ನಿಸಿದ ತಕ್ಷಣ 112. ಅಷ್ಟಿಲ್ಲದಿದ್ದರೆ ಸಹಾಯವಾಣಿಗೆ ಕರೆ ಮಾಡಿ ದೂರು ಸಂಖ್ಯೆ ಬರೆದುಕೊಳ್ಳಿ. ಹೆಸರು ಗುಟ್ಟಾಗಿಡಿ ಎಂದು ಮೊದಲೇ ಹೇಳಿ. ಅದೇ ದಿನ ಸಂಸ್ಥೆಯ ಮುಖ್ಯಸ್ಥರಿಗೆ ಲಿಖಿತ ದೂರು ಕೊಡಿ. ಇದು ಯಾಕೆ ಮುಖ್ಯ ಅಂದರೆ, ಅಪರಾಧ ನಡೆದಿದೆ ಎಂದು ಕಂಡರೆ ವಿಷಯ ತಿಳಿದ 24 ಗಂಟೆಯೊಳಗೆ ಎಫ್‌ಐಆರ್ ಮಾಡಿಸುವ ಹೊಣೆ ಮುಖ್ಯಸ್ಥರದ್ದು. ‘ವಿಷಯ ತಿಳಿದದ್ದು’ ಯಾವಾಗ ಎಂಬುದಕ್ಕೆ ನಿಮ್ಮ ಕಾಗದದ ಮೇಲಿನ ಸೀಲೇ ಸಾಕ್ಷಿ. ಬಾಯಲ್ಲಿ ಹೇಳಿದರೆ ಆ 24 ಗಂಟೆ ಯಾವಾಗ ಶುರುವಾಯಿತು ಎಂದು ತೋರಿಸಲು ಆಗುವುದಿಲ್ಲ, ಅಲ್ವಾ?

ಸೀನಿಯರ್ ಆಗಿ ಇದನ್ನು ಓದುತ್ತಿದ್ದರೆ ಒಂದು ಮಾತು. ಯಾರು ಮಾಡಿದರು ಅಂತ ಗೊತ್ತಾಗದಿದ್ದರೆ ಗುಂಪಿಗೇ ಶಿಕ್ಷೆ ಕೊಡಲು ಈ ನಿಯಮದಲ್ಲಿ ಅವಕಾಶ ಇದೆ. ಕ್ಲಾಸಿನಿಂದ ಅಮಾನತು, ಸ್ಕಾಲರ್‌ಶಿಪ್ ತಡೆ, ಪರೀಕ್ಷೆಗೆ ಡಿಬಾರ್, ಹಾಸ್ಟೆಲಿನಿಂದ ಹೊರಗೆ, ಒಂದರಿಂದ ನಾಲ್ಕು ಸೆಮಿಸ್ಟರ್ ರಸ್ಟಿಕೇಷನ್, ಕೊನೆಗೆ ಅಡ್ಮಿಷನ್ನೇ ರದ್ದು. ಬಾಗಿಲ ಹತ್ತಿರ ನಿಂತು ನಕ್ಕವರೂ ಆ ಗುಂಪಿನಲ್ಲಿ ಬರುತ್ತಾರೆ.

ಲೈಂಗಿಕ ಕಿರುಕುಳ: ದಿನ ಎಣಿಸುವುದು ಮುಖ್ಯ

ಇದಕ್ಕೆ ಎರಡು ನಿಯಮಗಳಿವೆ. ಒಂದು, ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ 2013ರ ಕಾಯ್ದೆ. ಇನ್ನೊಂದು, ಅದನ್ನು ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಹೊಂದಿಸಿ ಯುಜಿಸಿ 2015ರಲ್ಲಿ ತಂದ ನಿಯಮಗಳು. ಎರಡನೆಯದು ವಿದ್ಯಾರ್ಥಿಗಳಿಗೆ ಜಾಸ್ತಿ ಉಪಯೋಗ. ಹುಡುಗರು, ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳೂ ಇಂಥದ್ದಕ್ಕೆ ಗುರಿಯಾಗಬಹುದು ಎಂದು ಅದು ಒಪ್ಪಿಕೊಳ್ಳುತ್ತದೆ. ಕ್ಯಾಂಪಸ್ ಅಂದರೆ ಕಾಂಪೌಂಡ್ ಒಳಗಿನ ಜಾಗ ಮಾತ್ರ ಅಂತಲೂ ಅದು ಹೇಳುವುದಿಲ್ಲ. ಸ್ಟಡಿ ಟೂರ್, ಫೀಲ್ಡ್ ವರ್ಕ್, ಇಂಟರ್ನ್‌ಶಿಪ್, ಕ್ರೀಡಾಕೂಟ, ಅಲ್ಲಿಗೆ ಹೋಗುವ ಬಸ್, ಎಲ್ಲವೂ ಸೇರುತ್ತವೆ.

ಐಸಿಸಿ ಅಧ್ಯಕ್ಷೆ ಹಿರಿಯ ಮಹಿಳೆಯೇ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಹೊರಗಿನ ಸದಸ್ಯರೊಬ್ಬರು ಇರಬೇಕು. ಪ್ರಕರಣದಲ್ಲಿ ವಿದ್ಯಾರ್ಥಿಗಳಿದ್ದರೆ ಮೂವರು ವಿದ್ಯಾರ್ಥಿ ಪ್ರತಿನಿಧಿಗಳೂ ಕೂರಬೇಕು. ವಿಚಾರಣೆಗೆ ಹೋದಾಗ ಸುಮ್ನೆ ತಲೆ ಎಣಿಸಿ ನೋಡಿ.

ಗಡುವುಗಳು ಹೀಗಿವೆ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಪದೇ ಪದೇ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಸಿ. ಕಾರಣ ಸರಿಯಾಗಿದ್ದರೆ ಇನ್ನೂ ಮೂರು ತಿಂಗಳು ಕೊಡುವ ಅಧಿಕಾರ ಸಮಿತಿಗಿದೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ದೂರು ಬಂದ ಏಳು ದಿನದಲ್ಲಿ ಅದರ ಪ್ರತಿ ಎದುರಿನವರಿಗೆ ಹೋಗಬೇಕು, ಅವರು ಹತ್ತು ದಿನದಲ್ಲಿ ಉತ್ತರ ಕೊಡಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ಅಲ್ಲಿಂದ ಹತ್ತು ದಿನದಲ್ಲಿ ವರದಿ. ವರದಿಯ ಮೇಲೆ ಆಡಳಿತ 30 ದಿನದಲ್ಲಿ ಕ್ರಮ ತೆಗೆದುಕೊಳ್ಳಬೇಕು. ಮೇಲ್ಮನವಿಗೂ 30 ದಿನ. ಒಂದು ಡೈರಿಯಲ್ಲಿ ಈ ತಾರೀಖುಗಳನ್ನು ಗುರುತು ಹಾಕಿಕೊಂಡು, ಒಂದೊಂದು ದಾಟಿದಾಗಲೂ ಎರಡು ಸಾಲಿನ ಇಮೇಲ್ ಕಳಿಸಿ. ಜಗಳ ಬೇಡ. ‘ಇಂಥ ದಿನ ದೂರು ಕೊಟ್ಟಿದ್ದೆ, ಮುಂದಿನ ಹಂತ ತಿಳಿಸಿ’ ಎಂದರೆ ಸಾಕು.

ಬಹಳ ಜನ ಕೇಳದೇ ಬಿಡುವುದು ಮಧ್ಯಂತರ ಪರಿಹಾರವನ್ನು. ಆರೋಪ ಹೊತ್ತ ಮೇಷ್ಟ್ರೇ ನಿಮ್ಮ ಪತ್ರಿಕೆ ತಿದ್ದುವವರಾಗಿದ್ದರೆ? ವಿಚಾರಣೆ ಮುಗಿಯುವವರೆಗೆ ಅವರು ನಿಮ್ಮ ಮೌಲ್ಯಮಾಪನ ಮಾಡದಂತೆ, ನಿಮ್ಮಿಂದ ದೂರ ಇರುವಂತೆ ಆದೇಶ ಕೊಡಿ ಎಂದು ಕೇಳಬಹುದು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಈ ಸಾಲನ್ನು ದೂರಿನಲ್ಲೇ ಬರೆಯಿರಿ.

‘ಸಾಬೀತಾಗದಿದ್ದರೆ ಸುಳ್ಳು ದೂರು ಅಂತ ನನ್ನ ಮೇಲೇ ಬರುತ್ತಲ್ಲ?’ ಎಂದು ಹೆದರುವವರಿದ್ದಾರೆ. ಸಾಬೀತು ಮಾಡಲು ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರು ಸುಳ್ಳಾಗುವುದಿಲ್ಲ. ಕಾಯ್ದೆಯಲ್ಲೇ ಹಾಗೆ ಬರೆದಿದೆ. ರಾಜಿಗೆ ಒಪ್ಪಬೇಕೋ ಬೇಡವೋ ದೂರು ಕೊಟ್ಟವರ ಇಷ್ಟ, ಆದರೆ ದುಡ್ಡು ಕೊಟ್ಟು ಮಾಡುವ ರಾಜಿಗೆ ಅವಕಾಶವಿಲ್ಲ. ಸಮಿತಿಯ ಮುಂದೆ ವಕೀಲರನ್ನು ಕರೆದುಕೊಂಡು ಹೋಗುವಂತಿಲ್ಲ, ಅದು ಎರಡೂ ಕಡೆಯವರಿಗೆ ಅನ್ವಯ.

ಐಸಿಸಿಗೆ ಹೋದರೆ ಪೊಲೀಸರ ಬಳಿ ಹೋಗಬಾರದು ಅಂತೇನಿಲ್ಲ. ಎರಡೂ ಒಟ್ಟಿಗೆ ನಡೆಯಬಹುದು. ಸ್ಟೇಷನ್‌ನಲ್ಲಿ ‘ಇದು ನಮ್ಮ ಸರಹದ್ದಲ್ಲ’ ಎಂದರೆ ಝೀರೋ ಎಫ್‌ಐಆರ್ ಎಂಬ ಪದ ನೆನಪಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಸ್ಟೇಷನ್‌ನಲ್ಲಾದರೂ ದೂರು ದಾಖಲಿಸಬಹುದು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಇನ್ನೊಂದು ವಿಷಯ, ಮೊದಲ ವರ್ಷದಲ್ಲಿ 18 ತುಂಬದವರು ಇರುತ್ತಾರೆ. ಅವರ ಮೇಲೆ ನಡೆದದ್ದಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಬರುತ್ತದೆ. ಆಗ ವಿಷಯ ತಿಳಿದ ವಾರ್ಡನ್, ಮೇಷ್ಟ್ರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ‘ಒಳಗೇ ಬಗೆಹರಿಸೋಣ’ ಅನ್ನುವಂತಿಲ್ಲ.

ದೂರನ್ನು ಹೀಗೆ ಬರೆಯಿರಿ

ಸಮಿತಿಗೆ ಬರುತ್ತಿದ್ದ ಕಾಗದಗಳಲ್ಲಿ ಹೆಚ್ಚಿನವು ಹೀಗಿರುತ್ತಿದ್ದವು: ‘ಮಾನ್ಯರೇ, ನನಗೆ ಕೆಲವು ಸೀನಿಯರ್‌ಗಳು ತುಂಬಾ ದಿನಗಳಿಂದ ತೊಂದರೆ ಕೊಡುತ್ತಿದ್ದಾರೆ. ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಈ ಮೂಲಕ ಕೋರುತ್ತೇನೆ.’ ಓದಿದವರಿಗೆ ಅಯ್ಯೋ ಅನ್ನಿಸುತ್ತದೆ, ಮಾಡಲು ಏನೂ ಸಿಗುವುದಿಲ್ಲ. ಯಾರು? ಯಾವಾಗ? ಏನು ತೊಂದರೆ?

ಅದನ್ನೇ ಹೀಗೆ ಬರೆದರೆ ನೋಡಿ:

‘ಆಗಸ್ಟ್ 12, ಮಂಗಳವಾರ ರಾತ್ರಿ ಸುಮಾರು 10.40ಕ್ಕೆ ಮೂರನೇ ವರ್ಷದ ಇಬ್ಬರು ನನ್ನನ್ನು ಬಿ ಬ್ಲಾಕ್ 214ನೇ ಕೋಣೆಗೆ ಕರೆಸಿದರು. ಒಬ್ಬರ ಹೆಸರನ್ನು ಕೆಳಗೆ ಬರೆದಿದ್ದೇನೆ. ಇನ್ನೊಬ್ಬರ ಹೆಸರು ಗೊತ್ತಿಲ್ಲ, ನೋಡಿದರೆ ಗುರುತಿಸುತ್ತೇನೆ. ಸುಮಾರು ಒಂದು ಗಂಟೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಎರಡು ಲ್ಯಾಬ್ ರೆಕಾರ್ಡ್ ಕೊಟ್ಟು, ಗುರುವಾರದೊಳಗೆ ಬರೆದುಕೊಡು ಎಂದರು. ಆ ಪುಸ್ತಕಗಳು ಈಗಲೂ ನನ್ನ ಬಳಿ ಇವೆ. ನನ್ನ ರೂಮ್‌ಮೇಟ್ ಬಾಗಿಲ ಹೊರಗೆ ನಿಂತಿದ್ದ. 11.52ಕ್ಕೆ ಬಂದ ಮೆಸೇಜಿನ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ವಿಚಾರಣೆ ಮುಗಿಯುವವರೆಗೆ ಅವರಿಬ್ಬರೂ ನಮ್ಮ ಬ್ಲಾಕಿಗೆ ಬರದಂತೆ ಮಾಡಬೇಕು.’

ಅಳು ಇಲ್ಲ, ಬೈಗುಳ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆದಿದೆ. ಆ ಲ್ಯಾಬ್ ರೆಕಾರ್ಡು ಇದೆಯಲ್ಲ, ಅದರ ಮೇಲೆ ಇನ್ನೊಬ್ಬರ ಹೆಸರಿರುತ್ತದೆ. ಅಂಥ ಒಂದು ವಸ್ತು ಹತ್ತು ಸಾಕ್ಷಿಗೆ ಸಮ. ಕೊನೆಯ ಸಾಲೂ ಗಮನಿಸಿ. ‘ನನ್ನನ್ನು ಬೇರೆ ಕೋಣೆಗೆ ಹಾಕಿ’ ಎಂದು ಕೇಳಿದರೆ ಪಾಪದವರೇ ಗಂಟುಮೂಟೆ ಕಟ್ಟಬೇಕಾಗುತ್ತದೆ. ಅವರನ್ನು ದೂರ ಇಡಿ ಎಂದು ಕೇಳಿ.

ಎರಡು ಪ್ರತಿ ಮಾಡಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಸೀಲ್, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ‘ಸಾಹೇಬ್ರು ಬರ್ಲಿ, ಆಮೇಲೆ ಹಾಕ್ತೀವಿ’ ಎಂದರೆ ಕಾಯಬೇಡಿ. ಅಲ್ಲೇ ನಿಂತು ಇಮೇಲ್ ಮಾಡಿ, ಜೊತೆಗೆ ಸ್ಪೀಡ್ ಪೋಸ್ಟ್ ಹಾಕಿ. ಐಸಿಸಿ ದೂರನ್ನು ಮಾತ್ರ ಟಪಾಲಿಗೆ ಕೊಡಬೇಡಿ, ಅಲ್ಲಿ ನಾಲ್ಕು ಜನ ಓದಿಬಿಡುತ್ತಾರೆ. ಅದನ್ನು ಮುಚ್ಚಿದ ಕವರಿನಲ್ಲಿ ಅಧ್ಯಕ್ಷೆಯ ಕೈಗೇ ಕೊಟ್ಟು ಸಹಿ ಪಡೆಯಿರಿ. ದೂರು ಕೊಟ್ಟವರ ಗುರುತು ಹೊರಗೆ ಬಿಡಬಾರದು ಎಂದು ಕಾಯ್ದೆಯೇ ಹೇಳುತ್ತದೆ.

ಕಾಟ ಫೋನಿನಲ್ಲಿ ಶುರುವಾದರೆ

ಮೊದಲು ಮಾಡುವ ತಪ್ಪು ಡಿಲೀಟ್. ಕೋಪಕ್ಕೋ ನಾಚಿಕೆಗೋ ಚಾಟ್ ಅಳಿಸಿ, ನಂಬರ್ ಬ್ಲಾಕ್ ಮಾಡಿ ನಿಟ್ಟುಸಿರು ಬಿಡುತ್ತಾರೆ. ಸಾಕ್ಷಿ ಅಲ್ಲಿಗೆ ಮುಗಿಯಿತು. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ನಂಬರ್, ತಾರೀಖು, ಸಮಯ ಕಾಣಬೇಕು. ಪ್ರೊಫೈಲಿನ ಲಿಂಕ್ ಕಾಪಿ ಮಾಡಿಡಿ, ಹೆಸರು ಬದಲಾಯಿಸಿದರೂ ಪತ್ತೆಗೆ ಬೇಕಾಗುತ್ತದೆ. ತಾನಾಗಿ ಮಾಯವಾಗುವ ಮೆಸೇಜಾದರೆ ಬೇರೆ ಫೋನಿನಿಂದ ಫೋಟೊ ಹೊಡೆಯಿರಿ. ಆಮೇಲೆ ಬ್ಲಾಕ್.

ಬೇಡ ಎಂದ ಮೇಲೂ ಹಿಂಬಾಲಿಸುವುದು, ಆನ್‌ಲೈನ್‌ನಲ್ಲಿ ಬೆನ್ನು ಹತ್ತುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲಿ ಬರುತ್ತದೆ. ಖಾಸಗಿ ಫೋಟೊ ವಿಷಯ 77ರಲ್ಲಿ. ಫೋಟೊ ತೆಗೆಯಲು ಆಕೆ ಒಪ್ಪಿದ್ದರೂ, ಹಂಚಲು ಒಪ್ಪಿರದಿದ್ದರೆ ಹಂಚಿದವನು ಅಪರಾಧಿ. ‘ಅವಳೇ ಕಳಿಸಿದ್ದು’ ಎನ್ನುವುದು ರಕ್ಷಣೆ ಆಗುವುದಿಲ್ಲ. ಫೋಟೊ ಇಟ್ಟುಕೊಂಡು ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ, ಕೊಟ್ಟವರ ಹತ್ತಿರ ಮತ್ತೆ ಕೇಳುತ್ತಾರೆ. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ. 18 ತುಂಬಿದವರು ಸ್ಟಾಪ್ ಎನ್‌ಸಿಐಐ ಎಂಬ ತಾಣವನ್ನೂ ಬಳಸಬಹುದು. ಅದು ಫೋಟೊದಿಂದ ಒಂದು ಸಂಕೇತ ಮಾತ್ರ ಮಾಡಿಕೊಳ್ಳುತ್ತದೆ, ಫೋಟೊ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಈ ವ್ಯವಸ್ಥೆಗೆ ಸೇರಿಕೊಂಡಿರುವ ಜಾಲತಾಣಗಳಲ್ಲಿ ಅದೇ ಫೋಟೊ ಹಾಕಲು ಹೋದರೆ ಆ ಸಂಕೇತ ಹೊಂದುತ್ತದೆ, ಅಲ್ಲೇ ತಡೆಯುತ್ತಾರೆ.

ದುಡ್ಡು ಕಳೆದುಕೊಂಡರೆ ಮೊದಲ ಒಂದೆರಡು ಗಂಟೆಯಲ್ಲೇ 1930ಕ್ಕೆ ಹೇಳಿ. ದುಡ್ಡು ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಬಹುದು. ಇದಕ್ಕಿಂತ ಅಪಾಯದ ಇನ್ನೊಂದು ವಿಷಯ ಇದೆ. ‘ನಿನ್ನ ಅಕೌಂಟ್, ಎಟಿಎಂ ಕಾರ್ಡ್, ಸಿಮ್ ಸ್ವಲ್ಪ ದಿನ ಕೊಡು, ತಿಂಗಳಿಗಿಷ್ಟು ಕೊಡ್ತೀನಿ’ ಎಂದು ಕೇಳುವ ‘ಅಣ್ಣಂದಿರು’. ವಂಚನೆಯ ದುಡ್ಡು ನಿಮ್ಮ ಖಾತೆಗೆ ಬಂದು ಹೋಗುತ್ತದೆ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಹಾಸ್ಟೆಲಿಗೆ.

ನೋಟಿಸ್ ನಿಮ್ಮ ಹೆಸರಿಗೇ ಬಂದರೆ

ಹಾಸ್ಟೆಲಿನ ಕಾರಿಡಾರಿನಲ್ಲಿ ಕಿಟಕಿ ಗಾಜು ಒಡೆದಿತ್ತು. ಒಬ್ಬ ಹುಡುಗ ಅಲ್ಲಿದ್ದ, ಅವನು ಒಡೆದಿರಲಿಲ್ಲ. ‘ಒಂದು ಕ್ಷಮಾಪಣೆ ಬರೆದುಕೊಟ್ಟುಬಿಡಪ್ಪ, ಇಲ್ಲಿಗೇ ಮುಗಿಸೋಣ’ ಎಂದರು ವಾರ್ಡನ್. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಫೈಲ್ ಮುಚ್ಚಿದರೆ ಸಾಕಿತ್ತು. ಹುಡುಗ ಅವರು ಹೇಳಿದಂತೆ ಬರೆದ: ‘ನನ್ನಿಂದ ತಪ್ಪಾಗಿದೆ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ.’ ನಾಲ್ಕು ತಿಂಗಳ ಮೇಲೆ ಬೇರೆ ಯಾವುದೋ ಗಲಾಟೆಯಲ್ಲಿ ಅವನ ಹೆಸರು ಬಂತು. ನಮ್ಮ ಮೇಜಿಗೆ ಬಂದ ಫೈಲಿನ ಮೊದಲ ಹಾಳೆ ಅದೇ ಕ್ಷಮಾಪಣೆ. ಮೇಲೆ ಕೆಂಪು ಇಂಕಿನಲ್ಲಿ ‘ಹಿಂದೆಯೂ ತಪ್ಪೊಪ್ಪಿಕೊಂಡಿರುತ್ತಾರೆ’ ಎಂದಿತ್ತು. ಅವನು ಎಷ್ಟು ಹೇಳಿದರೂ ಆ ಹಾಳೆ ಅವನಿಗಿಂತ ಜೋರಾಗಿ ಮಾತಾಡುತ್ತಿತ್ತು.

ಹಾಗಾಗಿ ಮಾಡದ ತಪ್ಪಿಗೆ ಕ್ಷಮಾಪಣೆ ಬರೆಯಬೇಡಿ. ಬರೆಯಲೇಬೇಕು ಎಂದು ಕೂರಿಸಿದರೆ ನಡೆದದ್ದನ್ನು ನಡೆದಂತೆ ಬರೆಯಿರಿ: ‘ನಾನು ಅಲ್ಲಿದ್ದೆ, ನಾನು ಒಡೆಯಲಿಲ್ಲ, ಯಾರು ಒಡೆದರು ಎಂದು ನೋಡಲಿಲ್ಲ.’

ನೋಟಿಸ್ ಬಂದ ದಿನವೇ ಮೂರು ಕೆಲಸ. ಬಂದ ತಾರೀಖು, ಸಮಯವನ್ನು ಅದರ ಮೇಲೇ ಬರೆದುಕೊಳ್ಳಿ. ನಿಮ್ಮ ವಿರುದ್ಧ ಬಂದ ದೂರಿನ ಪ್ರತಿ, ಅವರ ಬಳಿ ಇರುವ ಸಾಕ್ಷ್ಯ ಏನು ಎಂದು ಕೇಳಿ ಒಂದು ಪತ್ರ ಕೊಡಿ. ಸಮಯ ಸಾಲದಿದ್ದರೆ ಅದೇ ಪತ್ರದಲ್ಲಿ ಹೆಚ್ಚು ದಿನ ಕೇಳಿ. ಏನು ಆರೋಪ ಎಂದು ತಿಳಿಸುವುದು, ಉತ್ತರ ಕೊಡಲು ಅವಕಾಶ ಕೊಡುವುದು ಸಹಜ ನ್ಯಾಯದ ಮೊದಲ ಪಾಠ. ಇವು ಇಲ್ಲದೆ ಕೊಟ್ಟ ಶಿಕ್ಷೆ ಕೋರ್ಟಿಗೆ ಹೋದರೆ ನಿಲ್ಲುವುದು ಕಷ್ಟ. ಉತ್ತರವನ್ನು ನೋಟಿಸಿನಲ್ಲಿರುವ ಕ್ರಮದಲ್ಲೇ, ಒಂದೊಂದು ಆರೋಪಕ್ಕೂ ಬೇರೆ ಬೇರೆಯಾಗಿ ಬರೆಯಿರಿ. ವಿಚಾರಣೆಯಲ್ಲಿ ನಿಮ್ಮ ಹೇಳಿಕೆ ಬರೆದುಕೊಂಡು ಸಹಿ ಮಾಡಿ ಎಂದಾಗ ಪೂರ್ತಿ ಓದಿ. ನೀವು ಹೇಳದ್ದು ಇದ್ದರೆ ಹೊಡೆದುಹಾಕಿಸಿ. ಖಾಲಿ ಜಾಗ ಇದ್ದರೆ ಗೆರೆ ಎಳೆದು ಆಮೇಲೆ ಸಹಿ.

ಪಿಎಚ್‌ಡಿ ಪ್ರಬಂಧ, ಡಿಸರ್ಟೇಷನ್ ಬರೆಯುವವರಿಗೆ ಬೇರೊಂದು ಲೆಕ್ಕ ಇದೆ. 2018ರ ಯುಜಿಸಿ ಕೃತಿಚೌರ್ಯ ನಿಯಮದ ಪ್ರಕಾರ ಹೋಲಿಕೆ ಶೇ. 10ರವರೆಗೆ ಇದ್ದರೆ ಶಿಕ್ಷೆ ಇಲ್ಲ. 10 ದಾಟಿ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗೆ ಹೋದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕೂ ಮೇಲೆ ಹೋದರೆ ನೋಂದಣಿಯೇ ರದ್ದು. ಪರೀಕ್ಷಾ ಹಾಲಿನ ವಿಷಯದಲ್ಲಿ ಹೇಳುವುದು ಇಷ್ಟೇ: ಫೋನ್ ಸ್ವಿಚ್ ಆಫ್ ಆಗಿದ್ದರೂ ಜೇಬಿನಲ್ಲಿದ್ದರೆ ಅದು ಕೇಸು. ಹೊರಗೆ ಇಟ್ಟು ಹೋಗಿ.

ಗಾಂಜಾ ವಿಷಯ ಬಂದಾಗ ಹಲವರು ‘ಸ್ವಲ್ಪ ತಾನೇ’ ಎನ್ನುತ್ತಾರೆ. ಮಾದಕ ವಸ್ತುಗಳ ಕಾಯ್ದೆಯಾದ ಎನ್‌ಡಿಪಿಎಸ್‌ನಲ್ಲಿ ಸ್ವಲ್ಪಕ್ಕೂ ಒಂದು ವರ್ಷದವರೆಗೆ ಜೈಲಿದೆ. ಚಟಕ್ಕೆ ಬಿದ್ದವರು ತಾವಾಗಿ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ 64ಎ ಸೆಕ್ಷನ್ನಿನಲ್ಲಿ ರಕ್ಷಣೆಯೂ ಇದೆ. ಗೆಳೆಯ ಸಿಕ್ಕಿಕೊಂಡಿದ್ದರೆ ಇದನ್ನು ಅವನಿಗೆ ಹೇಳಿ.

ಬೆಂಕಿ, ಆ್ಯಸಿಡ್, ಹೀಟರ್ ಕಾಯಿಲ್

ಹಾಸ್ಟೆಲಿನಲ್ಲಿ ಬಕೆಟ್‌ಗೆ ಇಳಿಬಿಡುವ ಹೀಟರ್ ಕಾಯಿಲ್ ಬೇಡ ಎಂದು ನಿಯಮ ಇರುತ್ತದೆ, ಹಾಸಿಗೆ ಕೆಳಗೆ ಒಂದು ಇದ್ದೇ ಇರುತ್ತದೆ. ಒಂದು ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಹಾಕಿ, ಅದರ ಮೇಲೆ ಇನ್ನೊಂದು ಹಾಕಿ ಕಾಯಿಲ್ ಉರಿಸಿದರೆ ವೈರ್ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊಗೆ ತುಂಬಿದರೆ ಬಗ್ಗಿ, ನೆಲಕ್ಕೆ ಹತ್ತಿರವಾಗಿ ಹೊರಗೆ ಬನ್ನಿ. ಲಿಫ್ಟ್ ಬೇಡ. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಬಳಸುವಾಗ ಪಿನ್ ಎಳೆದು, ಪೈಪನ್ನು ಜ್ವಾಲೆಯ ತುದಿಗಲ್ಲ, ಬುಡಕ್ಕೆ ಹಿಡಿದು, ಹಿಡಿಯನ್ನು ಒತ್ತಿ ಅತ್ತಿತ್ತ ಆಡಿಸಿ. ಕೆಲವೇ ಸೆಕೆಂಡಿಗೆ ಖಾಲಿಯಾಗುತ್ತದೆ, ಬೆಂಕಿ ಆರದಿದ್ದರೆ ಬಿಟ್ಟು ಓಡಿ. ಲ್ಯಾಬಿನಲ್ಲಿ ಆ್ಯಸಿಡ್ ಮೈಮೇಲೆ ಬಿದ್ದರೆ ಬಟ್ಟೆ ತೆಗೆದು, ಹರಿಯುವ ನೀರಿನಲ್ಲಿ 20 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ನೋವಿನಲ್ಲಿ ಎರಡು ನಿಮಿಷವೂ ಇಪ್ಪತ್ತು ಅನ್ನಿಸುತ್ತದೆ.

ಯಾರೂ ಕೇಳದಿದ್ದರೆ

ಫಲಿತಾಂಶ ತಡೆ, ಹಾಸ್ಟೆಲ್ ಅವ್ಯವಸ್ಥೆ, ಫೀಸಿಗಾಗಿ ಮಾರ್ಕ್ಸ್ ಕಾರ್ಡ್ ಒತ್ತೆ ಇಟ್ಟುಕೊಳ್ಳುವುದು, ಇಂಥವಕ್ಕೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇದೆ. 2023ರ ಯುಜಿಸಿ ನಿಯಮದ ಪ್ರಕಾರ ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆ ಆಗದಿದ್ದರೆ ತೀರ್ಮಾನ ಕೈಗೆ ಬಂದ 15 ದಿನದಲ್ಲಿ ಓಂಬುಡ್ಸ್‌ಪರ್ಸನ್ (ಸಮಿತಿಯ ತೀರ್ಮಾನದ ಮೇಲಿನ ಮೇಲ್ಮನವಿ ಕೇಳುವವರು) ಬಳಿ ಹೋಗಬಹುದು. ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಆ ಸ್ಥಾನದಲ್ಲಿರುತ್ತಾರೆ. ಅವರಿಗೆ 30 ದಿನದ ಗಡುವು. ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು.

ಸರ್ಕಾರಿ ವಿಶ್ವವಿದ್ಯಾಲಯವಾದರೆ ನನಗೆ ತುಂಬ ಇಷ್ಟದ ಆಯುಧ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಜಗಳ ಮಾಡುವ ಪ್ರಶ್ನೆ ಬೇಡ. ‘ಇಂಥ ಇನ್‌ವರ್ಡ್ ನಂಬರಿನ ನನ್ನ ಅರ್ಜಿ ಈಗ ಯಾರ ಮೇಜಿನ ಮೇಲಿದೆ, ಯಾವ ತಾರೀಖಿನಿಂದ ಇದೆ, ಟಿಪ್ಪಣಿ ಹಾಳೆಯ ನಕಲು ಕೊಡಿ.’ ಅರ್ಜಿ ಸಲ್ಲಿಸಿದ ಎರಡು ಮೂರು ದಿನಕ್ಕೇ ಫೋನ್ ಬಂದದ್ದನ್ನು ನೋಡಿದ್ದೇನೆ: ‘ಏನಮ್ಮಾ, ನೇರ ಬಂದು ಹೇಳಬಾರದಿತ್ತಾ?’

ಪಕ್ಕದ ಕೋಣೆಯವರ ವಿಷಯ

ಊಟಕ್ಕೆ ಬರುವುದು ಬಿಟ್ಟಿದ್ದಾನೆ, ತನ್ನ ವಸ್ತುಗಳನ್ನು ಒಬ್ಬೊಬ್ಬರಿಗೆ ಕೊಡುತ್ತಿದ್ದಾನೆ, ‘ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೇದು’ ಎನ್ನುತ್ತಾನೆ. ಇದನ್ನು ತಮಾಷೆ ಎಂದು ಬಿಡಬೇಡಿ. ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತಿದೆಯಾ?’ ಕೇಳಿದ್ದಕ್ಕೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬನೇ ಬಿಡಬೇಡಿ, ಉಪದೇಶವೂ ಬೇಡ. ನಿಮ್ಮ ಫೋನಿನಿಂದಲೇ 14416 ಒತ್ತಿ, ಸ್ಪೀಕರ್ ಹಾಕಿ ಪಕ್ಕದಲ್ಲಿ ಕೂರಿ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆಗಲೇ ಏನಾದರೂ ಮಾಡಿಕೊಂಡಿದ್ದರೆ ಮೊದಲು 112. ‘ವಾರ್ಡನ್‌ಗೆ ಹೇಳಬೇಡ’ ಎಂದು ಅವನು ಆಣೆ ಹಾಕಿಸಿಕೊಂಡಿರಬಹುದು. ಹೇಳಿ. ನಾಳೆ ಅವನು ಬೈದರೆ ಬೈಸಿಕೊಳ್ಳಿ.